ಕಾಡುಬೆಕ್ಕಿನ ಬೀಗರೂಟ

ಬಿದಿರು ಮೆಳೆಗಳ ನಡುವೆ ಒಂದು ಕೆರೆ. ಕೆರೆಯ ದಂಡೆಯ ಗುಹೆಯಲ್ಲಿ ತಾಯಮ್ಮ ಎಂಬ ಕತ್ತೆಕಿರುಬ ಮೂರು ಮರಿಗಳನ್ನು ಕಟ್ಟಿಕೊಂಡು ಬಾಳುತ್ತಿದ್ದಳು. ಎದುರಿನ ಹೊಂಗೆ ಮರದ ಪೊಟರೆಯಲ್ಲಿ ಜವರಣ್ಣ ಎಂಬ ಕಾಡುಬೆಕ್ಕಿನ ಸಂಸಾರ.

ಮಕ್ಕಳೇ, ತಾಯಮ್ಮನಿಗೆ ಒಂದು ಕಾಲು ಕುಂಟು. ಬೇಟೆ ಅವಳ ಕೈಲಾಗದ ಮಾತು. ಹುಲಿ ತಿಂದು ಬಿಟ್ಟ ಮೊಣಕಾಲು, ಕತ್ತು, ನಾರುನಾರಾದ ತುಂಡು, ಕೆರೆಯಲ್ಲಿ ಕೈಗೆ ಸಿಕ್ಕ ಮೀನು, ಇಷ್ಟೇ ಅವಳಿಗೆ ಸಿಗುತ್ತಿದ್ದದ್ದು. ಆದರೂ ಸಂಜೆಯಾದರೆ ಅವಳ ಅಂಗಳದಿಂದ ಎಂಥ ಘಮ ಏಳುತ್ತಿತ್ತೆಂದರೆ, ತಲೆಕೆಳಗಾಗಿ ತೂಗುತ್ತಿದ್ದ ಬಾವಲಿಗಳೂ ಕತ್ತೆತ್ತಿ ಮೂಸುತ್ತಿದ್ದವು.

ಜವರಣ್ಣನ ಮೂಗಂತೂ ಆ ಹೊತ್ತಿಗೆ ನಿಂತಲ್ಲಿ ನಿಲ್ಲುತ್ತಿರಲಿಲ್ಲ. "ಆ ಗಟ್ಟಿ ಮಾಂಸ ಬೆಣ್ಣೆ ಹಾಗೆ ಆಗುತ್ತಂತಲ್ಲ! ಏನು ಹಾಕುತ್ತಾಳೆ ಇವಳು?" ಎಂದು ದಿನವೂ ತಲೆ ಕೆರೆದುಕೊಳ್ಳುತ್ತಿದ್ದ.

"ಹೋಗಿ ಕೇಳಬಾರದೇ?" ಎಂದಳು ಹೆಂಡತಿ ಸಾಕಮ್ಮ.

"ನಾನಾ? ಎಂಜಲು ಬಾಚುವವಳ ಬಾಗಿಲಿಗಾ? ನನ್ನ ಮೀಸೆಗೆ ಮರ್ಯಾದೆ ಬೇಡವಾ?"

ಹೀಗಿರುವಾಗ ಸುದ್ದಿ ಬಂತು. ಮಗಳು ಚೆಲುವಿಯನ್ನು ಕೊಟ್ಟ ಮನೆಯವರು ನಾಡಿದ್ದು ಬೀಗರೂಟಕ್ಕೆ ಬರುತ್ತಾರೆ, ಒಟ್ಟು ಹನ್ನೆರಡು ಮಂದಿ. ಜವರಣ್ಣ ತಲೆ ಮೇಲೆ ಕೈಹೊತ್ತು ಕೂತ. ಇಲಿ ಹಿಡಿದು ಬದುಕುವವನು ಹನ್ನೆರಡು ಹೊಟ್ಟೆಗೆ ಎಲ್ಲಿಂದ ತರಬೇಕು? ಊಟ ಕೆಟ್ಟರೆ ಮಗಳು ಆ ಮನೆಯಲ್ಲಿ ತಲೆ ಎತ್ತಿ ಓಡಾಡುವುದು ಹೇಗೆ?

ಪುಣ್ಯಕ್ಕೆ ಹುಲಿ ಬಿಟ್ಟುಹೋದ ಎರಡು ದೊಡ್ಡ ತೊಡೆ ಸಿಕ್ಕವು. ಹಲ್ಲಿಟ್ಟು ನೋಡಿದ. ಮರದ ಬೇರು ಕಡಿದಂತಾಯಿತು. "ತಾಯಮ್ಮನ ಗುಟ್ಟು ಕದಿಯದೆ ದಾರಿಯಿಲ್ಲ" ಎಂದುಕೊಂಡ.

ಮರುದಿನ ಬೆಳಿಗ್ಗೆ ಎಲೆಗಳ ಮರೆಯಲ್ಲಿ ಕೂತು ಇಣುಕಿದ. ತಾಯಮ್ಮ ಕಲ್ಲುಗಳ ರಾಶಿಯ ಮುಂದೆ ಕೂತಿದ್ದಳು. ಒಂದೊಂದನ್ನೂ ತಟ್ಟುತ್ತಾಳೆ, ಕಿವಿಗೊಡುತ್ತಾಳೆ, ಕೆನ್ನೆಗೆ ಒತ್ತಿ ನೋಡುತ್ತಾಳೆ. ಕೆಲವನ್ನು ಬಿಸಾಡುತ್ತಾಳೆ, ಕೆಲವನ್ನು ಗುಂಡಿಯ ಬೆಂಕಿಗೆ ಇಳಿಸುತ್ತಾಳೆ.

"ಓಹೋ! ಕಲ್ಲು! ಕಲ್ಲಿನಲ್ಲೇ ಇದೆ ರುಚಿ!" ಜವರಣ್ಣನಿಗೆ ಕುಣಿಯುವಷ್ಟು ಖುಷಿ. ಮುಂದೇನಾಗುತ್ತದೆಂದು ನೋಡಲೂ ನಿಲ್ಲದೆ ಕೆರೆಗೆ ಓಡಿದ. ನೀರಿಗಿಳಿದು, ನುಣ್ಣಗೆ ಹೊಳೆಯುವ ಕರಿ ಗುಂಡುಕಲ್ಲುಗಳನ್ನೇ ಆರಿಸಿ ತಂದ.

ನಾಡಿದ್ದು ಎಂದದ್ದು ಬಂದೇ ಬಂತು. ಬೀಗರು ಚೆಲುವಿಯನ್ನೂ ಕರೆದುಕೊಂಡು ಬೆಳಿಗ್ಗೆಯೇ ಬಂದು ಸಾಲಾಗಿ ಕೂತರು. ಜವರಣ್ಣ ಮೀಸೆ ತೀಡಿಕೊಂಡು, ಎಲ್ಲರಿಗೂ ಕಾಣುವಂತೆ ಗುಂಡಿಯಲ್ಲಿ ಬೆಂಕಿ ಹಾಕಿ, ಕೆರೆಯ ಕಲ್ಲುಗಳನ್ನು ಜೋಡಿಸಿ, ಅವುಗಳ ಮೇಲೆ ತೊಡೆಗಳನ್ನಿಟ್ಟ.

"ಕಲ್ಲಿನ ಮೇಲೆ ಅಡುಗೆಯೇ? ಇದ್ಯಾವ ಪದ್ಧತಿ ಬೀಗರೇ?" ಬೀಗಿತ್ತಿ ಕತ್ತು ಚಾಚಿದಳು.

"ನಮ್ಮ ಮನೆತನದ ಗುಟ್ಟು. ನೋಡ್ತಾ ಇರಿ!"

ಚಟ್! ಎಂದಿತು ಒಂದು ಕಲ್ಲು. ಢಮಾರ್! ಎಂದಿತು ಇನ್ನೊಂದು. ಕೆಂಡ ಹಾರಿತು, ಬೂದಿ ಹಾರಿತು, ಒಂದು ತೊಡೆ ಹಾರಿ ಹೊಂಗೆ ಕೊಂಬೆಗೆ ಸಿಕ್ಕಿಕೊಂಡಿತು. ಬೀಗರೆಲ್ಲ ಕಂಡಕಂಡ ಮರ ಹತ್ತಿದರು. ಬೂದಿ ಇಳಿದಾಗ ಜವರಣ್ಣನ ಮೀಸೆಯ ಬಲಗಡೆ ಇರಲೇ ಇಲ್ಲ. ಚೆಲುವಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು.

ಮೀಸೆ ಹೋದದ್ದಕ್ಕಲ್ಲ, ಆ ಅಳು ಕಂಡು ಜವರಣ್ಣ ಮರ್ಯಾದೆಯ ಮಾತನ್ನೇ ಮರೆತ. ನೆಟ್ಟಗೆ ತಾಯಮ್ಮನ ಬಾಗಿಲಿಗೆ ಹೋಗಿ ನಿಂತ.

"ತಾಯಕ್ಕಾ, ನನಗೆ ಗೊತ್ತಾಗಲಿಲ್ಲ. ಹೇಳಿಕೊಡು."

ತಾಯಮ್ಮ ಸುಟ್ಟ ಮೀಸೆ ನೋಡಿದಳು. ನಗು ಬಂತು, ನುಂಗಿಕೊಂಡಳು. "ನೀರೊಳಗಿನ ಕಲ್ಲು ತಂದೆಯಾ? ಅದರ ಹೊಟ್ಟೆಯಲ್ಲಿ ನೀರಿರುತ್ತಪ್ಪ, ಬೆಂಕಿಗೆ ಸಿಡಿಯುತ್ತೆ. ನಾನು ತಟ್ಟಿ ನೋಡುವುದು ಒಣಗಿದೆಯಾ, ಒಳಗೆ ಬಿರುಕಿದೆಯಾ ಅಂತ. ಮೊದಲೇ ಕೇಳಿದ್ದರೆ ಹೇಳುತ್ತಿರಲಿಲ್ಲವೇ?"

ಜವರಣ್ಣನ ಬಾಯಿಗೆ ಈಗ ಬೀಗವೇ ಇಲ್ಲ. "ಹಾಗಾದರೆ ರುಚಿ ಎಲ್ಲಿಂದ? ಮೆತ್ತಗಾಗುವುದು ಹೇಗೆ?"

"ಕಲ್ಲು ಕಾದ ಮೇಲೆ ಕೆಂಡ ತೆಗೆದುಬಿಡು. ಮಾಂಸಕ್ಕೆ ಉಪ್ಪು, ಕಾಡುಶುಂಠಿ ಸವರಿ ಮುತ್ತುಗದ ಎಲೆಯಲ್ಲಿ ಸುತ್ತು. ಎಲೆ ರಸ ಸೋರಲು ಬಿಡದು. ಕಲ್ಲಿನ ಮೇಲಿಟ್ಟು ಮಣ್ಣು ಮುಚ್ಚು. ಆಮೇಲೆ ಕಾಯಬೇಕು. ಕಾಯುವುದೇ ಅಡುಗೆ. ಎಳೆ ಮಾಂಸ ಕೆಂಡದ ಮೇಲೆ ಕ್ಷಣದಲ್ಲಿ ಬೇಯುತ್ತೆ. ಗಟ್ಟಿ ಮಾಂಸಕ್ಕೆ ಒಂದು ಹಗಲು ಬೇಕು."

ಇಬ್ಬರೂ ಸೇರಿ ತೊಡೆಗಳನ್ನು ತೊಳೆದು, ಒಣಕಲ್ಲು ಕಾಯಿಸಿ, ಗುಂಡಿ ಮುಚ್ಚಿದರು. ಅಲ್ಲಿಯವರೆಗೆ ಬೀಗರ ಹಸಿವಿಗೆಂದು ತಾಯಮ್ಮ ತನ್ನ ಗುಹೆಯಲ್ಲಿ ಹೊಗೆಗೆ ತೂಗುಹಾಕಿದ್ದ ಮೀನಿನ ಸರವನ್ನೇ ಇಳಿಸಿಕೊಟ್ಟಳು. ಬೀಗರು ಮರದಿಂದ ಇಳಿದರು.

ಸಂಜೆ ಮಣ್ಣು ಸರಿಸಿ ಎಲೆ ಬಿಚ್ಚಿದಾಗ ಮಾಂಸ ಎಲುಬಿನಿಂದ ತಾನಾಗಿ ಕಳಚಿಕೊಂಡಿತು. ಬೀಗರು ಮುಗಿಬಿದ್ದರು. ಹನ್ನೆರಡು ನಾಲಿಗೆಗಳಿಗೂ ಮಾತು ಬಿಟ್ಟು ಬೇರೆ ಕೆಲಸವಿತ್ತು.

ಬೀಗಿತ್ತಿ ಕೊನೆಯ ಎಲುಬು ನೆಕ್ಕಿ ಕೇಳಿದಳು: "ಇದೂ ನಿಮ್ಮ ಮನೆತನದ ಗುಟ್ಟೇ?"

ಜವರಣ್ಣ ಅರ್ಧ ಮೀಸೆ ತಗ್ಗಿಸಿದ. "ಇಲ್ಲ ಬೀಗಿತ್ತಿ. ಈ ನಮ್ಮ ತಾಯಕ್ಕ ಹೇಳಿಕೊಟ್ಟಿದ್ದು. ನಿಮಗೂ ಬೇಕಾದರೆ ಕೇಳಿ, ಖಂಡಿತ ಹೇಳುತ್ತಾಳೆ."

ಬೀಗಿತ್ತಿ ತಟ್ಟನೆ ಎದ್ದು ತಾಯಮ್ಮನ ಪಕ್ಕಕ್ಕೆ ಹೋಗಿ ಕೂತಳು. ಅವಳ ಬೆನ್ನಿಗೆ ಚೆಲುವಿಯೂ ನಗುತ್ತಾ ಹೋಗಿ ಕೂತಳು.

ನೀತಿ: ಕದ್ದು ಕಂಡದ್ದು ಅರ್ಧ ವಿದ್ಯೆ, ಗೊತ್ತಿಲ್ಲದ್ದನ್ನು ಕೇಳಿ ಕಲಿಯಲು ನಾಚಬಾರದು.