ಬಲ್ಬಿಗೆ ಕಾವಲಾದ ಅರೆಲೋಹ

ಒಂದು ಪುಟ್ಟ ಬಲ್ಬು ತನ್ನ ಬಾಗಿಲಿಗೆ ಕಾವಲುಗಾರನನ್ನು ಹುಡುಕುತ್ತಿತ್ತು. ಮೊದಲು ನಿಂತ ತಾಮ್ರ ಬಂದ ವಿದ್ಯುತ್ತನ್ನೆಲ್ಲ ಒಳಗೆ ಬಿಟ್ಟಿತು. ಬಲ್ಬು ಸುಟ್ಟುಹೋಗುವುದೊಂದು ಬಾಕಿ. ಆಮೇಲೆ ನಿಂತ ಗಂಧಕ ಒಂದಿಷ್ಟನ್ನೂ ಬಿಡಲಿಲ್ಲ. ಬಲ್ಬು ಕತ್ತಲಲ್ಲಿ ಕೂತಿತು. ಕೊನೆಗೆ ಅದು ಮೂಲೆಯಲ್ಲಿದ್ದ ಸಿಲಿಕಾನನ್ನು ಕರೆಯಿತು.

"ನನ್ನನ್ನೇ?" ಸಿಲಿಕಾನ್ ನಕ್ಕಿತು. "ನನ್ನ ಹೊಳಪು ಕಂಡು ಲೋಹಗಳು ತಮ್ಮ ಪಂಕ್ತಿಯಲ್ಲಿ ಕೂರಿಸಿಕೊಂಡವು. ಸುತ್ತಿಗೆ ತಾಗಿದ್ದೇ ತಡ, ಚೂರಾಗಿ ಮಾನ ಕಳೆದುಕೊಂಡೆ. ಅಲೋಹಗಳೂ ಸೇರಿಸಲಿಲ್ಲ. ವಿದ್ಯುತ್ತು ಬಂದರೆ ಬಿಡಲೋ ಬೇಡವೋ ಎಂದು ಅಳುಕುವ ಅರೆಲೋಹ ನಾನು."

"ಅಳುಕುತ್ತಲೇ ನಿಲ್ಲಪ್ಪ," ಎಂದಿತು ಬಲ್ಬು.

ಸಿಲಿಕಾನ್ ನಿಂತಿತು. ಸ್ವಲ್ಪ ಬಿಟ್ಟಿತು, ಸ್ವಲ್ಪ ತಡೆಯಿತು. ಬಲ್ಬು ಹಿತವಾಗಿ ಬೆಳಗಿತು.

"ಇನ್ನು ಎಲ್ಲರೂ ನನ್ನ ಅಳುಕನ್ನು ವಿವೇಕ ಎನ್ನುತ್ತಾರೆ," ಎಂದಿತು ಸಿಲಿಕಾನ್. "ನಾನಂತೂ ಅವರನ್ನು ತಿದ್ದಲು ಹೋಗುವುದಿಲ್ಲ!"