ದ್ಯಾವಮ್ಮನ ಹಿತ್ತಲ ಉದ್ದ ಟೊಮೆಟೊ

ಗಲಾಟೆ ಮಾಡದೆ ಹತ್ತಿರ ಬನ್ನಿ ಮಕ್ಕಳೇ, ಇದು ಹುಳಿ ಕಥೆ. ಕೆಮ್ಮಣ್ಣು ಸೀಮೆ ಅಂತ ಒಂದು ರಾಜ್ಯ. ಆ ರಾಜ್ಯದಲ್ಲಿ ದ್ಯಾವಮ್ಮ ಅಂತ ಒಬ್ಬ ಒಂಟಿ ಹೆಂಗಸು. ಅವಳಿಗೆ ಇದ್ದದ್ದು ಒಂದು ಗುಡಿಸಲು, ಒಂದು ಹಿತ್ತಲು, ಒಂದು ಗಟ್ಟಿ ಬಾಯಿ.

ಹಿತ್ತಲಲ್ಲಿ ಅವಳು ಉದ್ದ ಟೊಮೆಟೊ ಬೆಳೀತಿದ್ದಳು. ಕೋಳಿಮೊಟ್ಟೆಗಿಂತ ಚೂರು ಉದ್ದ, ಒಳಗೆಲ್ಲ ತಿರುಳು. ಅದರ ಗೊಜ್ಜು ಮಾಡಿ ಸಂತೇಲಿ ಮಾರಿದರೇ ಅವಳ ಒಲೆ ಉರೀತಿತ್ತು.

ಅರಮನೆ ತೋಟಕ್ಕೆ ಶಿಂಗ್ರಯ್ಯ ಅಂತ ಪಾರುಪತ್ಯಗಾರ. ಹೆಸರು ದೊಡ್ಡದು, ಅವನು ಬೆಳೆದ ಟೊಮೆಟೊ ಬರೀ ನೀರು. ಒಂದು ದಿನ ರಾಜ ಸಂತೆ ಹಾದು ಹೋಗ್ತಾ ದ್ಯಾವಮ್ಮನ ಗೊಜ್ಜು ತಿಂದು, "ಆಹಾ, ಇದಪ್ಪ ಟೊಮೆಟೊ!" ಅಂದ. ಶಿಂಗ್ರಯ್ಯನ ಹೊಟ್ಟೆಗೆ ಬೆಂಕಿ ಬಿತ್ತು. ರಾಜನ ಕಿವಿಯಲ್ಲಿ ಏನೇನೋ ಊದಿ ಡಂಗುರ ಹೊಡೆಸಿದ: "ಉದ್ದ ಟೊಮೆಟೊ ಇನ್ನು ಅರಮನೆ ತೋಟದಲ್ಲಿ ಮಾತ್ರ! ಯಾರ ಹಿತ್ತಲಲ್ಲಿ ಗಿಡ ಕಂಡರೂ ಆ ಹಿತ್ತಲು ಅರಮನೆಗೆ!"

ಮೊದಲನೇ ಸಲ ಶಿಂಗ್ರಯ್ಯ ಬಂದ. "ಈ ಸಲ ಬಿಟ್ಟಿದ್ದೀನಿ, ಹಣ್ಣು ಕೊಡು," ಅಂದು ಒಂದು ಬುಟ್ಟಿ ತುಂಬಿಸಿಕೊಂಡ. ಕಾನೂನಿಗೂ ಹಸಿವು ನೋಡಿ! ದ್ಯಾವಮ್ಮ ಅವನ ಆಳಿಗೆ ಹೇಳಿದಳು: "ನಿಮ್ಮ ಯಜಮಾನರ ಮನೆ ಅಮ್ಮಾವ್ರಿಗೆ ಹೇಳಪ್ಪ, ಬೀಜ ಹುಳಿ. ಬಚ್ಚಲಲ್ಲಿ ಹಿಂಡಿ, ತೊಳೆದು, ಆಮೇಲೆ ಸಾರಿಗೆ ಹಾಕಲಿ."

ಶಿಂಗ್ರಯ್ಯ ಅರ್ಧ ಬುಟ್ಟಿ ಮನೆಗೆ ಕಳಿಸಿದ. ಇನ್ನರ್ಧ ಅರಮನೆ ಅಡುಗೆಗೆ ಕೊಟ್ಟು, "ನಾನೇ ಬೆಳೆದದ್ದು" ಅಂದ.

ಎರಡನೇ ಸಲ ಬಂದ. ಹಣ್ಣೂ ಕಿತ್ತ, ಗಿಡಾನೂ ಕಿತ್ತ. "ಇನ್ನು ಹೆಂಗೆ ಬೆಳೀತೀಯ ನೋಡ್ತೀನಿ!"

"ನೋಡಿ ಬುದ್ಧಿ, ನೋಡಿ," ಅಂದಳು ದ್ಯಾವಮ್ಮ. ಅವನು ಬೀದಿ ತಿರುಗಿದ್ದೇ ತಡ, ಬಿದ್ದ ಗಿಡಗಳ ಎಲೆ ಸಂದಿಯ ಚಿಗುರು ಮುರಿದು ತಿಪ್ಪೆ ಪಕ್ಕ ಊರಿದಳು. ಟೊಮೆಟೊ ಕುಡಿಗೆ ಒದ್ದೆ ಮಣ್ಣು ಸಿಕ್ಕರೆ ಸಾಕು, ಬೇರು ಬಿಡುತ್ತೆ. ಅದಕ್ಕೆ ಡಂಗುರ ಕೇಳಿಸಲ್ಲ.

ಮೂರು ತಿಂಗಳಾಯಿತು. ಮೂರನೇ ಸಲ ಶಿಂಗ್ರಯ್ಯ ರಾಜನನ್ನೇ ಕರಕೊಂಡು ಬಂದ. ಹಿತ್ತಲ ತುಂಬ ಗಿಡ, ಗಿಡದ ತುಂಬ ಹಣ್ಣು! "ಮಹಾಸ್ವಾಮಿ, ಈ ಹೆಂಗಸಿಗೆ ಎಷ್ಟು ಕೊಬ್ಬು ನೋಡಿ! ಹಿತ್ತಲು ವಶ ಮಾಡ್ಕೊಳ್ಳಿ."

ಹಿತ್ತಲು ಹೋದರೆ ದ್ಯಾವಮ್ಮ ಬೀದಿಗೆ. ಆದರೂ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಬೆಳೆದೀನಿ ಮಹಾಸ್ವಾಮಿ, ಇನ್ನೂ ಬೆಳೀತೀನಿ. ಹಿತ್ತಲು ತಗೊಳ್ಳಿ. ಆದ್ರೆ ಕಾನೂನು ಎಲ್ರಿಗೂ ಒಂದೇ ತಾನೆ? ಮೊದ್ಲು ಪಾರುಪತ್ಯಗಾರರ ಬಚ್ಚಲ ಹಿಂದೆ ನೋಡನ ಬನ್ನಿ."

"ನೋಡಿ, ಧಾರಾಳವಾಗಿ ನೋಡಿ!" ಅಂತ ಶಿಂಗ್ರಯ್ಯ ಮೀಸೆ ತಿರುವಿದ. ಯಾವಾಗಲೂ ಮುಂಬಾಗಿಲಲ್ಲಿ ಓಡಾಡೋ ದೊಡ್ಡ ಮನುಷ್ಯ, ತನ್ನ ಹಿತ್ತಲನ್ನ ತಾನೇ ಕಂಡವನಲ್ಲ.

ಹೋಗಿ ನೋಡಿದರೆ ಏನಿದೆ! ಬಚ್ಚಲ ನೀರು ಹರಿಯೋ ಉದ್ದಕ್ಕೂ ಎದೆಮಟ್ಟ ಟೊಮೆಟೊ. ಗಿಡಗಿಡಕ್ಕೂ ಕೋಲು ಕಟ್ಟಿದೆ. ಗೊಂಚಲು ಗೊಂಚಲು ಉದ್ದ ಹಣ್ಣು.

ಹೆಂಡತಿ ಅಚ್ಚಮ್ಮ ಬಾಗಿಲಿಗೆ ಬಂದಳು. "ಏನ್ರೀ ಹಂಗೆ ಕಣ್ ಕಣ್ ಬಿಡ್ತೀರಿ? ದ್ಯಾವಮ್ಮನ ಹಣ್ಣು ನೀವೇ ತಂದ್ರಿ, ಬೀಜ ಹಿಂಡಿದ್ದು ಇಲ್ಲೇ. ತಾನಾಗೇ ಹುಟ್ಟಿದ ಗಿಡಕ್ಕೆ ನಾನ್ಯಾಕೆ ಕೋಲು ಕಟ್ಟಬಾರ್ದು? ಒಂದು ವಾರದಿಂದ ಸೊರ್ ಅಂತ ಕುಡೀತಿರೋ ಸಾರು ಇದರದ್ದೇ."

ಶಿಂಗ್ರಯ್ಯನ ಸುಳ್ಳೂ ಬಯಲಾಯ್ತು, ಕಳ್ಳತನಾನೂ ಬಯಲಾಯ್ತು.

"ಇನ್ನು ಅರಮನೆ ಬಚ್ಚಲು ನೋಡನ ಮಹಾಸ್ವಾಮಿ," ಅಂದಳು ದ್ಯಾವಮ್ಮ. "ಅರ್ಧ ಬುಟ್ಟಿ ಅಲ್ಲಿಗೂ ಹೋಗಿತ್ತು ಅಂತ ಇವರ ಆಳೇ ಹೇಳಿದ."

ರಾಜ ಬೆವರು ಒರೆಸಿಕೊಂಡ. ಅರಮನೇನ ಯಾವ ಅರಮನೆಗೆ ಸೇರಿಸೋದು ಹೇಳಿ? "ಡಂಗುರ ರದ್ದು!" ಅಂತ ಅಲ್ಲೇ ಕೂಗಿದ. "ಶಿಂಗ್ರಯ್ಯ, ನಿನ್ನ ಪಾರುಪತ್ಯ ಸಾಕು. ಒಂದು ವರ್ಷ ದ್ಯಾವಮ್ಮನ ಗಿಡಗಳಿಗೆ ನೀರು ಹೊರು!"

ಅವನು ಹೊತ್ತ. ದ್ಯಾವಮ್ಮ ಕಟ್ಟೆ ಮೇಲೆ ಕೂತು, "ಬುಡಕ್ಕೆ ಹುಯ್ಯಿ ಬುದ್ಧಿ, ಎಲೆಗಲ್ಲ!" ಅಂತ ಗದರಿಸಿದಳು.

ತಿಳೀತೇನ್ರೋ? ಮಣ್ಣು ಎಲ್ಲರಿಗೂ ಕೊಟ್ಟಿದ್ದನ್ನ ಒಬ್ಬನೇ ಬಾಚಿಕೊಳ್ಳೋಕೆ ಹೋದವನು ತಾನು ತೋಡಿದ ಗುಂಡಿಗೆ ತಾನೇ ಬೀಳ್ತಾನೆ. ಕಿತ್ತರೆ ಮತ್ತೆ ನೆಡಿ, ಹೆದರಬೇಡಿ. ನನ್ನ ಕಥೆ ಹಣ್ಣಾಯ್ತು, ಬೀಜ ನಿಮ್ಮ ಕೈಲಿದೆ.