ನಂಜುಂಡ ನೆಟ್ಟು ಸರಿಮಾಡಿದ್ದು

ಕೇಳ್ರಪ್ಪ, ತಿಪಟೂರಲ್ಲಿ ರವಿಕೆ ಹೊಲಿಯೋ ದಾಕ್ಷಾಯಣಮ್ಮ ಅಂತ ಒಬ್ಬಳಿದ್ಲು. ಅವಳ ಮಗ ನಂಜುಂಡ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರೀಲಿತ್ತು. ಹೇಳಿದ್ದನ್ನ ಹೇಳಿದಂಗೇ ಮಾಡೋನು. ಅದೇ ಅವ್ವನ ಗೋಳು.

ಮಗಳು ಸಿಂಚನ ಚುರುಕು. ಫೋನಲ್ಲಿ ಕಾರ್ ರೇಸ್ ಆಡ್ತಾ ಆಡ್ತಾ, ಊರೂರಿನೋರನ್ನ ಸೋಲಿಸಿ ಫೈನಲ್ ಮುಟ್ಟಿದ್ಲು. ಭಾನುವಾರ ನಾಲ್ಕು ಗಂಟೆಗೆ ಆಟ. ಗೆದ್ರೆ ರಾಜ್ಯದ ತಂಡದಲ್ಲಿ ಜಾಗ. ಆದ್ರೆ ಮನೆ ನೆಟ್ಟು? ಕಾರು ಓಡ್ತಾ ಓಡ್ತಾ ಗಕ್ಕನೆ ನಿಂತ್ಬಿಡೋದು! ಸಿಂಚನ ಸಿಟ್ಟಿಗೆದ್ದು ದಿಂಬು ಎಸೆಯೋಳು.

"ಲೇ ನಂಜುಂಡ, ವೈಫೈ ಡಬ್ಬಿ ಮಂಚದ ಕೆಳಗೆ ಬಿದ್ದೈತೆ. ಎತ್ತರದಲ್ಲಿಡೋ!" ಅಂದ್ಲು ಅವ್ವ.

"ಎಷ್ಟು ಎತ್ತರ?"

"ಎಷ್ಟಾಗುತ್ತೋ ಅಷ್ಟು!"

ವೈರ್ ಕಿತ್ತ. ಡಬ್ಬಿ ಲುಂಗಿಗೆ ಕಟ್ಕೊಂಡ. ಹಿತ್ತಲ ತೆಂಗಿನಮರ ಹತ್ತಿದ, ಗೊನೆ ನಡುವೆ ಕೂರಿಸಿ ಇಳಿದ.

ಅವ್ವ ತಲೆ ಚಚ್ಚಿಕೊಂಡ್ಲು. "ವೈರೇ ಇಲ್ದೆ ನೆಟ್ಟು ಆಕಾಶದಿಂದ ಉದುರುತ್ತೇನೋ! ತಂದು ಗೋಡೆ ಗೂಡಲ್ಲಿಟ್ಟು ವೈರ್ ಚುಚ್ಚು! ಬಿಸಿಯಾದ್ರೆ ತಣ್ಣಗೆ ಮಾಡು!"

"ಆಗ್ಲವ್ವ."

ಇಟ್ಟ, ಚುಚ್ಚಿದ. ಸಂಜೆ ಮುಟ್ಟಿ ನೋಡಿದ, ಬೆಚ್ಚಗಿತ್ತು. ವೈರ್ ಬಿಚ್ಚಿ ಡಬ್ಬೀನ ಕುಡಿಯೋ ನೀರಿನ ಕೊಡದೊಳಗೆ ಮುಳುಗಿಸಿದ. ಅದು ಬುಳುಬುಳು ಅಂತು, ಸತ್ತೋಯ್ತು.

"ಅಯ್ಯೋ ಮುಂಡೇದೆ!" ಅವ್ವನ ಕಣ್ಣು ಕೆಂಡ. "ನೆಟ್ಟಿಗೆ ಸೇರಿದ್ದಕ್ಕೆ ಯಾವುದಕ್ಕೂ ಒಂದು ಹನಿ ನೀರು ಸೋಕಿಸಬಾರ್ದು! ಒದ್ದೆಯಾದ್ರೆ ಒರೆಸಿ ಬಿಸಿಲಿಗಿಡ್ಬೇಕು! ತಿಳೀತಾ?"

"ತಿಳೀತವ್ವ."

ಮಾರನೇ ದಿನ ನೆಟ್ಟಿನೋನು ಹೊಸ ಡಬ್ಬಿ ಹಿಡ್ಕೊಂಡು ಬಂದ. ಮೈಯೆಲ್ಲ ಬೆವರು. "ಒಂದು ಲೋಟ ನೀರು ಕೊಡಪ್ಪ," ಅಂದ.

"ನೀವು ನೆಟ್ಟಿಗೆ ಸೇರಿದೋರಾ?"

"ಹೌದು."

"ಹಂಗಾದ್ರೆ ನೀರು ಸೋಕಿಸಬಾರ್ದು!" ಅಂದವನೇ ನೆಲ ಒರೆಸೋ ಬಟ್ಟೆ ತಗೊಂಡು ಅವನ ಮುಖ, ಕುತ್ತಿಗೆ ಎಲ್ಲ ಒರೆಸಿದ. ಅಂಗಳದ ಬಿಸಿಲಿಗೆ ತಳ್ಳಿ ಅಗುಳಿ ಹಾಕ್ಕೊಂಡ.

ನೆಟ್ಟಿನೋನು ಬೀದಿಗೆಲ್ಲ ಕೇಳೋ ಹಂಗೆ ಬೈದ. ದಾಕ್ಷಾಯಣಮ್ಮ ಓಡಿಬಂದು ಕೈಮುಗಿದು, ಕಾಫಿ ಕೊಟ್ಟು ಸಮಾಧಾನ ಮಾಡಿದ್ಲು. ಡಬ್ಬಿ ಕೂರಿಸಿ ಅವನಂದ, "ಅಮ್ಮ, ಆಟದ ಹೊತ್ತಲ್ಲಿ ಬೇರೆ ಫೋನ್ ಯಾವುದೂ ನೆಟ್ಟು ತಿನ್ನಬಾರ್ದು. ಆಗ ಆಟ ನಿಲ್ಲಲ್ಲ."

"ಅವ್ವಾ, ಇವನನ್ನ ಎಲ್ಲಾದ್ರೂ ಕಳಿಸು! ಇಲ್ದಿದ್ರೆ ನಾನೇ ಹೋಗ್ತೀನಿ!" ಅಂತ ಸಿಂಚನ ಕಿರುಚಿದ್ಲು.

ಅವ್ವನಿಗೂ ಸಿಟ್ಟು ನೆತ್ತಿಗೇರಿತ್ತು. ಮಗನ ಕಿವಿ ಹಿಡಿದು ತಿರುಪಿದ್ಲು. "ಬಂದೋರನ್ನ ಬಿಸಿಲಿಗೆ ತಳ್ತೀಯಾ? ನಾಳೆ ಸುಮ್ನೆ ಕಾವಲು ಕೂತ್ಕೋ! ನಾಲ್ಕು ಗಂಟೆಗೆ ಈ ಮನೇಲಿ ಯಾರು ನೆಟ್ಟು ತಿಂತಾರೋ, ಮುಖ ನೋಡ್ಬೇಡ, ಫೋನ್ ಕಿತ್ಕೊಂಡು ಆಫ್ ಮಾಡು!"

"ಯಾರಾದ್ರೂ ಸರೀನಾ?"

"ಯಾರಾದ್ರೂ ಸರಿ!"

ಭಾನುವಾರ ನಾಲ್ಕು ಹೊಡೀತು. ನಂಜುಂಡ ಅವ್ವನ ಫೋನ್ ಕಿತ್ಕೊಂಡ. ರವಿಕೆ ಅಳತೆ ಕೊಡೋಕೆ ಬಂದಿದ್ದ ಗೌರಕ್ಕನ ಫೋನೂ ಕಿತ್ಕೊಂಡ. ನೆಟ್ಟು ನೀರು ಹರಿದಂಗೆ ಹರೀತಿತ್ತು. ಒಳಗೆ ಸಿಂಚನಳ ಕಾರು ಒಬ್ಬರನ್ನ ಹಿಂದೆ ಹಾಕ್ತು, ಇನ್ನೊಬ್ಬರನ್ನ ಹಿಂದೆ ಹಾಕ್ತು, ಎಲ್ಲರಿಗಿಂತ ಮುಂದೆ ಬಂತು. ಕೊನೇ ಸುತ್ತು. ಒಂದೇ ತಿರುವು ಬಾಕಿ.

ನಂಜುಂಡ ಬಾಗಿಲಲ್ಲಿ ಇಣುಕಿದ. ಮುಖ ನೋಡ್ಲಿಲ್ಲ. ಸರಕ್ಕನೆ ಫೋನ್ ಕಿತ್ಕೊಂಡ, ಆಫ್ ಮಾಡಿದ.

ಸಿಂಚನ ಚೀರಿದ ಚೀರಿಗೆ ಅಕ್ಕಪಕ್ಕದೋರೆಲ್ಲ ಬಾಗಿಲಿಗೆ ಬಂದ್ರು. ಅವ್ವ ಕತ್ತರಿ ಹಿಡ್ಕೊಂಡೇ ಓಡಿಬಂದ್ಲು.

ನಂಜುಂಡ ಫೋನ್ ಎತ್ತಿ ಹಿಡಿದು ಹಲ್ಲು ಕಿರಿದ.

"ಅವ್ವಾ, ಕಳ್ಳಿ ಸಿಕ್ಲು! ಇಷ್ಟು ದಿನ ನಮ್ಮನೆ ನೆಟ್ಟೆಲ್ಲ ತಿಂತಿದ್ದೋಳು ಇವಳೇ!"